ಕೊಬ್ಬರಿ ಗೋದಾಮಿನಲ್ಲಿ ಒಂದು ಹೊಡೆದಾಟ

ಬೇಲೂರಿನ ಶಾಲೆಯೊಂದರಲ್ಲಿ ನಾನು ಹುಡುಗಿಯರಿಗೆ ಕರಾಟೆ ಕಲಿಸುತ್ತಿದ್ದಾಗ ಅರಸೀಕೆರೆಗೆ ಒಂದು ಸಿನಿಮಾ ತಂಡ ಬಂದಿತ್ತು. ನಾಯಕಿಯ ಬದಲು ಹೊಡೆದಾಡಬೇಕಿದ್ದ ಡೂಪ್ ಹುಡುಗಿಯ ಕಾಲು ಉಳುಕಿ, ಕರಾಟೆ ಬಲ್ಲ ಹೆಣ್ಣುಮಗಳೊಬ್ಬಳಿಗಾಗಿ ಹುಡುಕುತ್ತಿದ್ದರು. ಯಾರೋ ನನ್ನ ಹೆಸರು ಹೇಳಿದರು. ನಮ್ಮೂರು ಹಗರೆಯಿಂದ ನಾನು ಹೊರಟಾಗ ಅಮ್ಮನೂ ಬಸ್ಸು ಹತ್ತಿದಳು. "ನೀನೊಬ್ಳೇ ಹೋಗಿ ಹೊಡಿಸ್ಕಂಡು ಬರೋದು ಬ್ಯಾಡ. ನಾನೂ ಬತ್ತೀನಿ," ಎಂದಳು.

ಚಿತ್ರೀಕರಣ ಒಂದು ಕೊಬ್ಬರಿ ಗೋದಾಮಿನಲ್ಲಿ. ಫೈಟ್ ಮಾಸ್ಟರ್‌ಗೆ ಆಗಲೇ ಅರವತ್ತರ ಹತ್ತಿರ. ಹೊಡೆದಾಟ ಸಂಯೋಜಿಸುವವರೂ ಅವರೇ, ಖಳನಾಗಿ ನನ್ನೆದುರು ನಿಲ್ಲುವವರೂ ಅವರೇ. ನರೆತ ಮೀಸೆ, ಮೆತ್ತಗಿನ ಮಾತು. ನಾನು ಗಾಳಿಗೆ ನಾಲ್ಕು ಗುದ್ದು ಗುದ್ದಿ ತೋರಿಸಿದೆ.

"ಚೆನ್ನಾಗಿದೆಯಮ್ಮ. ಆದ್ರೆ ನೀನು ಹೊಡೆಯೋದು ಕಲ್ತಿದ್ದೀಯ, ಇಲ್ಲಿ ಹೊಡೀಬಾರದು. ನೋಡೋರಿಗೆ ಮಾತ್ರ ನೋವಾಗ್ಬೇಕು," ಎಂದರು.

ಬೆಳಿಗ್ಗೆಯೆಲ್ಲ ಅಭ್ಯಾಸ ಮಾಡಿದೆವು. ತೆಂಗಿನಕಾಯಿ ರಾಶಿಯ ಮೇಲೆ ನಾವಿಬ್ಬರೂ ನಿಂತಿರುತ್ತೇವೆ. ಅವರ ಬಿದಿರು ದೊಣ್ಣೆ ಮೇಲಿನಿಂದ ಇಳಿಯುವಾಗ ನಾನು ಪಕ್ಕಕ್ಕೆ ಸರಿಯಬೇಕು. ಪ್ರತಿ ಸಲವೂ ನನ್ನ ಕೆನ್ನೆಗೆ ತಾಗಿದ್ದು ಗಾಳಿಯಷ್ಟೇ.

ಕ್ಯಾಮೆರಾ ಓಡತೊಡಗಿತು. ಸರಿಯಬೇಕಾದ ಗಳಿಗೆಯಲ್ಲೇ ಕಾಲಡಿಯ ಕಾಯಿ ಉರುಳಿ, ನಾನು ಅಲ್ಲೇ ಮಂಡಿಯೂರಿ ಕುಸಿದೆ. ದೊಣ್ಣೆ ಆಗಲೇ ಇಳಿಯುತ್ತಿತ್ತು. ಅದನ್ನು ತಡೆಯುವಷ್ಟು ಹೊತ್ತಿರಲಿಲ್ಲ. ಅವರು ಸೊಂಟದಿಂದ ಇಡೀ ಮೈಯನ್ನೇ ತಿರುಗಿಸಿ ಆ ಏಟನ್ನು ತಮ್ಮ ತೊಡೆಗೇ ತೆಗೆದುಕೊಂಡರು. ಬಿದಿರು ಸೀಳಿಹೋಯಿತು. ಅಷ್ಟಾದರೂ ಪಾತ್ರ ಬಿಡದೆ, ನಾನೇ ಕೆಳಗಿನಿಂದ ಒದ್ದೆನೇನೋ ಎಂಬಂತೆ ಚೀರಿ ರಾಶಿಯಿಂದ ಕೆಳಗುರುಳಿದರು. ತೆರೆಯ ಮೇಲೆ ಇಂದಿಗೂ ಅದು ನನ್ನ ಪೆಟ್ಟು.

ನಿರ್ದೇಶಕರು ಕಟ್ ಎಂದ ಮೇಲೆಯೇ ಅವರು ತೊಡೆ ಹಿಡಿದು ಕೂತದ್ದು. ನಾನು ಕಾಯಿಗಳ ನಡುವೆ ಬೆರಗಾಗಿ ಕೂತೇ ಇದ್ದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮನುಷ್ಯನೊಬ್ಬ ಇಷ್ಟನ್ನೆಲ್ಲ ಯೋಚಿಸಬಲ್ಲನೇ? ಅಥವಾ ಅದು ಯೋಚನೆಯೇ ಅಲ್ಲವೋ?

ಅಮ್ಮ ಅವರ ಬಳಿ ಓಡಿದಳು. "ನನ್ ಮಗ್ಳ ತಲೆ ಉಳ್ಸಿದ್ರಿ ಸ್ವಾಮಿ."

"ಅದು ನನ್ ಕೆಲ್ಸ ತಾಯಿ. ಜಾರಿದ್ರೂ ನಿಮ್ ಮಗಳು ಕಣ್ಣು ಮುಚ್ಚಲಿಲ್ಲ, ನೋಡಿದ್ರಾ? ನಮ್ ತಂಡಕ್ಕೆ ಕಳಿಸ್ತೀರಾ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ನಿಮ್ ತಾವ ಆದ್ರೆ ಹೋಗ್ಲಿ," ಎಂದುಬಿಟ್ಟಳು.

ಬೀಳುವುದನ್ನು, ಎದುರಿನವರನ್ನು ಕಾಯುವುದನ್ನು ಅವರಿಂದಲೇ ಕಲಿತೆ. ವರ್ಷಗಳು ಉರುಳಿದವು. ಕಳೆದ ವರ್ಷ ಹಳೇಬೀಡಿನ ಕೆರೆ ಏರಿಯ ಮೇಲೆ ಮೊದಲ ಬಾರಿಗೆ ನಾನೇ ಒಂದು ಹೊಡೆದಾಟ ಸಂಯೋಜಿಸಿದೆ. ಅದರಲ್ಲಿ ಏಟು ತಿನ್ನುವ ಮುದುಕನ ಪಾತ್ರ ಅವರದು. ಎಲ್ಲರೆದುರು ಬಂದು ಕೈಕಟ್ಟಿ ನಿಂತು, ಹೊಸಬರ ಹಾಗೆ ಕೇಳಿದರು: "ಎಲ್ಲಿ ಬೀಳ್ಲಿ ಮಾಸ್ಟ್ರೇ?"

ನಾನು ಕೈಯಿಂದ ಜಾಗ ತೋರಿಸಿದೆ. ಅವರು ಅಲ್ಲಿ ಹೋಗಿ, ಬಗ್ಗಿ, ಒಂದೆರಡು ಕಲ್ಲು ಆರಿಸಿ ಪಕ್ಕಕ್ಕೆಸೆದು, ನನ್ನ ಅಪ್ಪಣೆಗೆ ಕಾಯುತ್ತ ನಿಂತರು.