ಪೂಜೆಯಾದ ಮಷಿನ್ನಿನ ಲೆಕ್ಕ

ಎಂಬತ್ತರ ದಶಕದ ಕೊನೆಯ ಮಾತು. ಇಚಲಕರಂಜಿಯ ಒಂದು ಸೈಝಿಂಗಿನಲ್ಲಿ, ಅಂದರೆ ಮಗ್ಗಕ್ಕೇರುವ ಹಾಸಿನ ನೂಲಿಗೆ ಗಂಜಿ ಹಾಕುವ ಕಾರ್ಖಾನೆಯಲ್ಲಿ, ನಾನೂ ಅಣ್ಣನೂ ಕೆಲಸಕ್ಕಿದ್ದೆವು. ಅಣ್ಣ ಗಂಜಿ ಕಾಯಿಸುವವನು. ನಾನು ಕೊಲ್ಹಾಪುರದಲ್ಲಿ ಕೋರ್ಸು ಮುಗಿಸಿ ಬಂದು ಕಂಪ್ಯೂಟರಿನ ಮುಂದೆ ಕುಳಿತವನು. ದಸರೆ ಕಳೆದ ಮೇಲೆ ಅಣ್ಣನನ್ನು ಕಾಯಂ ಮಾಡುವುದಾಗಿ ಮಾಲೀಕರಾದ ಸೇಠರು ಮಾತು ಕೊಟ್ಟಿದ್ದರು. ಕಾಯಂ ಆದರೆ ಗಡಹಿಂಗ್ಲಜದ ಹತ್ತಿರ ಊರಲ್ಲೇ ಉಳಿದಿದ್ದ ಹೆಂಡತಿ, ನಮ್ಮ ವೈನಿಯನ್ನೂ ಮಕ್ಕಳನ್ನೂ ಕರೆತರಬಹುದು. ಅವನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಕೇಳಿ ಕೇಳಿ ನನಗೆ ಸಾಕಾಗಿತ್ತು.

ನೂಲಿನ ಜಾತಿ, ತೂಕ ತುಂಬಿದರೆ ಎಷ್ಟು ಗಂಜಿ ಬೇಕೆಂದು ಸ್ಪ್ರೆಡ್‌ಶೀಟಿನ ಸೂತ್ರ ಲೆಕ್ಕ ಹಾಕುತ್ತಿತ್ತು. ನನ್ನ ಪ್ರೋಗ್ರಾಮು ಫೈಲಿನೊಳಗಿನ ಆ ಉತ್ತರವನ್ನು ಓದಿ ಚೀಟಿ ಅಚ್ಚು ಹಾಕುತ್ತಿತ್ತು. ಓದುವುದಷ್ಟೇ, ಲೆಕ್ಕ ಮಾಡಲು ಅದಕ್ಕೆ ಬರುತ್ತಿರಲಿಲ್ಲ. ಮಷಿನ್ನು ತೀರಾ ನಿಧಾನ, ಹೀಗಾಗಿ ಅಂಕಿ ತುಂಬಿದ ಮೇಲೆ ಲೆಕ್ಕದ ಕೀಲಿಯನ್ನು ನಾವೇ ಒತ್ತಬೇಕಿತ್ತು. ಒತ್ತದಿದ್ದರೆ ಫೈಲಿನಲ್ಲಿ ಹಳೆಯ ಉತ್ತರವೇ ಉಳಿಯುತ್ತಿತ್ತು. ಇದನ್ನು ದಿವಾನಜಿಗೆ, ಅಂದರೆ ಆಫೀಸು ನೋಡಿಕೊಳ್ಳುವ ಹಿರಿಯರಿಗೆ, ಬಾಯಿ ನೋಯುವಷ್ಟು ಹೇಳಿದ್ದೆ.

ಹಬ್ಬಕ್ಕೆ ನಾನೊಬ್ಬನೇ ಊರಿಗೆ ಹೋಗಿ ವಾರ ಬಿಟ್ಟು ಬರುವಷ್ಟರಲ್ಲಿ ಅನಾಹುತವಾಗಿತ್ತು. ಗಂಜಿ ಸಾಲದೆ ಎಳೆಗಳು ಪಟಪಟ ಹರಿದು, ಮಗ್ಗದವರು ಹಾಸು ಸುತ್ತಿದ ಬೀಮುಗಳನ್ನು ವಾಪಸು ತಂದು ಬಾಗಿಲಲ್ಲೇ ಬೈಯುತ್ತಿದ್ದರು. ಅಣ್ಣ ಮೂಲೆಯಲ್ಲಿ ಚೀಟಿ ಹಿಡಿದು ಕುಳಿತಿದ್ದ. ಚೀಟಿಯಲ್ಲಿದ್ದಂತೆಯೇ ಅವನು ಗಂಜಿ ಕಾಯಿಸಿದ್ದ. ಫೈಲು ತೆರೆದು ನೋಡಿದೆ. ತುಂಬಿದ್ದು ಗಂಜಿ ಹೆಚ್ಚು ಬೇಡುವ ಹೊಸ ಸಣ್ಣ ನೂಲು, ಉತ್ತರ ಹಳೆಯ ದಪ್ಪ ನೂಲಿನದು.

ದಿವಾನಜಿಯನ್ನು ಕೇಳಿದೆ. "ಖಂಡೇನವಮಿ ಮುಂಜಾನೆ ಅಂಕಿ ತುಂಬಾಕತ್ತಿದ್ದೆ. ಅಷ್ಟ್ರಾಗ ಭಟ್ಟರು ಬಂದು ಮಷಿನ್ನಿಗೆ ಕುಂಕುಮ ಹಚ್ಚಿ ಹಾರ ಹಾಕಿದ್ರು. ಪೂಜಾ ಆದ ಹತ್ಯಾರ ದುಡಸ್ತಾರೇನಪಾ? ಲೆಕ್ಕಾ ಮಾಡಸಲಿಲ್ಲ, ಹಂಗ ಸೇವ್ ಮಾಡಿ ಬಂದ್ ಮಾಡಿದೆ. ದಸರಾ ಮುಗದ ಮ್ಯಾಲೆ ನೆನಪ ಆಗ್ಲಿಲ್ಲ ನೋಡು, ಸೀದಾ ಚೀಟಿ ತಗದೆ."

ಏನು ಬೈಯಲಿ? ಆಯುಧಪೂಜೆಯ ಆ ದಿನ ಊರಿನ ಮಗ್ಗಗಳೆಲ್ಲ ಹೂವು ಮುಡಿದು ಸುಮ್ಮನೆ ನಿಂತಿದ್ದವು. ದಿವಾನಜಿಯ ಕಣ್ಣಿಗೆ ಕಂಪ್ಯೂಟರೂ ಒಂದು ಮಗ್ಗವೇ.

ಸೇಠರನ್ನು ಕರೆತಂದು ಅವರ ಎದುರಿಗೇ ಕೀಲಿ ಒತ್ತಿದೆ. ಅಂಕಿ ಬದಲಾಯಿತು. ಅವರು ಪೆದ್ದರಲ್ಲ, ತಕ್ಷಣ ತಿಳಿದುಕೊಂಡರು. ನನಗೆ ಹೋದ ಜೀವ ಬಂದಂತಾಯಿತು.

"ನಿಂದ ಬರೋಬರ್ ಐತಿ," ಅಂದರು. "ಆದ್ರ ಮಷಿನ್ ತಪ್ಪೇತಿ ಅಂದ್ರ ನಾಳಿಂದ ಯಾರ್ ನಮ್ಮ ಕಡೆ ಬರ್ತಾರ? ದಿವಾನಜಿ ನಮ್ಮಪ್ಪನ ಕಾಲದವ್ರು. ಗಂಜಿ ಕಾಸಾಂವನ್ನ ತಗದೀನಿ ಅಂದ್ರ ಎಲ್ಲಾರೂ ಸುಮ್ಮನಾಗ್ತಾರ."

"ಅಂವಾ ನಮ್ಮಣ್ಣ ಅದಾನ್ರೀ, ಸೇಠ."

"ಗೊತ್ತೈತಿ," ಅಂದು ಎದ್ದು ಹೋದರು. ಅರ್ಥವಾಗದಿದ್ದರೆ ಇನ್ನೊಮ್ಮೆ ತಿಳಿಸಿ ಹೇಳಬಹುದಿತ್ತು. ಎಲ್ಲ ಅರ್ಥವಾದವರಿಗೆ ಏನು ಹೇಳುವುದು? ಅಷ್ಟು ಅಸಹಾಯಕನಾಗಿ ನಾನು ಮುಂದೆಂದೂ ನಿಲ್ಲಲಿಲ್ಲ.

ಸಂಜೆ ನಮ್ಮ ಬಾಡಿಗೆ ಖೋಲಿಯಲ್ಲಿ ಅಣ್ಣ ಬಟ್ಟೆ ಗಂಟು ಕಟ್ಟುತ್ತಿದ್ದ. ನಾನೂ ಬಿಡುತ್ತೇನೆ ಅಂದೆ.

"ಹುಚ್ಚದಿಯೇನು? ನೀನೂ ಬಿಟ್ರ ಮನ್ಯಾಗ ಏನ್ ತಿನ್ನೂದು?" ಅಂದ. ಕೋಪವಿರಲಿಲ್ಲ; ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಪ್ರತಿ ಚೀಟಿಯ ಕೆಳಗೆ ಗಂಜಿ ಕಾಯಿಸುವವನ ಹೆಸರು ಅಚ್ಚಾಗುತ್ತಿತ್ತು. ಮರುದಿನ ದಿವಾನಜಿ ಬಂದು, ಅಣ್ಣನ ಹೆಸರು ತೆಗೆದು ಹೊಸಬನದನ್ನು ಹಾಕು ಅಂದರು. ಹಾಕಿದೆ.