ಸುಬ್ಬಯ್ಯ ಎತ್ತದ ಕೈ

ಸುಬ್ಬಯ್ಯನ ಕೈ ಮೊದಲಿಂದಲೂ ಬೀಸು. ಉಡುಪಿಯಲ್ಲಿ ಅಡುಗೆಭಟ್ಟ ಅಪ್ಪನಿಂದ ತಿಂದ ಪೆಟ್ಟುಗಳನ್ನೆಲ್ಲ ಪರದೇಶದ ಪಿಕರಿಂಗ್ ಎಂಬ ಊರಿನವರೆಗೂ ಹೊತ್ತು ತಂದು ಒಬ್ಬನೇ ಮಗ ಪ್ರಖ್ಯಾತನ ಬೆನ್ನಿಗೆ ಇಳಿಸಿದ. ಮಾರ್ಕು ಕಡಿಮೆ ಬಂದರೆ ಬೆಲ್ಟು, ಎದುರುತ್ತರ ಕೊಟ್ಟರೆ ಕಪಾಳ. ಹೊಡೆದಾದ ಮೇಲೆ ಕಣ್ಣೀರು ಒರೆಸಿಕೊಳ್ಳುತ್ತ, "ಸಿಟ್ಟು ಬಂದ್ರೆ ಕೈ ನನ್ನ ಮಾತು ಕೇಳುದಿಲ್ಲ ಮಾರಾಯ" ಅನ್ನುತ್ತಿದ್ದವನೂ ಅವನೇ. ಹುಡುಗನಿಗೆ ಹದಿನಾಲ್ಕಾಗಿದ್ದಾಗ ಒಂದು ದಿನ ಅವನ ಮುಂದಿನ ಹಲ್ಲು ಮುರಿದು ಅಡುಗೆಮನೆಯ ನೆಲವೆಲ್ಲ ರಕ್ತವಾಯಿತು. ಹೆಂಡತಿ ನಳಿನಾಕ್ಷಿ ಪೊಲೀಸರನ್ನು ಕರೆದಳು. ಒಳ್ಳೆಯದೇ ಮಾಡಿದಳು. ಕೈಕೋಳ, ಕೋರ್ಟು, ಸಿಟ್ಟು ಇಳಿಸುವ ಕ್ಲಾಸು, ಎಲ್ಲ ಮುಗಿಸಿ ಸುಬ್ಬಯ್ಯ ಮನೆ ಬಿಟ್ಟು ಪಕ್ಕದ ಊರು ಥಾರ್ನ್‌ಹಿಲ್ಲಿನ ಒಂದು ಬಾಡಿಗೆ ಬೇಸ್‌ಮೆಂಟು ಸೇರಿದ.

ಕೆಲಸ ಸಿಕ್ಕಿದ್ದು ಯಹೂದಿಗಳ ಬೇಕರಿಯಲ್ಲಿ. ಅಲ್ಲಿ ಒಲೆ ಹಚ್ಚುವ ಹಕ್ಕು ಇವನಿಗಿಲ್ಲ. ಅವರ ಧರ್ಮದ ಕಟ್ಟುಪಾಡು ನೋಡಿಕೊಳ್ಳುವ ಮುದುಕ ಯಾಕೋವ್ ಬಂದು ಹಚ್ಚಬೇಕು, ಆಮೇಲೆ ಇವನು ಬೇಯಿಸಬೇಕು. ಮಡಿಯ ಮನೆಯಲ್ಲಿ ಹುಟ್ಟಿದವನಿಗೇ ಮಡಿಯ ಪಾಠ! ಒಂದು ಬೆಳಿಗ್ಗೆ ಯಾಕೋವ್ ತಡವಾಗಿ ಬಂದ. ಹಿಟ್ಟು ಹುಳಿಯಾಗಿ ಉಕ್ಕಿ ಸುರಿಯುತ್ತಿತ್ತು. ಸುಬ್ಬಯ್ಯ ಮುದುಕನ ಕತ್ತಿನಪಟ್ಟಿ ಹಿಡಿದು ಗೋಡೆಗೆ ಅಪ್ಪಳಿಸಿದ. ಕನ್ನಡಕ ಬಿದ್ದು ಚೂರಾಯಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಇನ್ನು ಕೋರ್ಟಿನ ಕ್ಲಾಸಿಗೆ ಹೋದೀತೇ?

ಯಾಕೋವ್ ಯಾರನ್ನೂ ಕರೆಯಲಿಲ್ಲ. ಕೆಮ್ಮಿ ಕೆಮ್ಮಿ ಉಸಿರು ಬಂದ ಮೇಲೆ ಒಲೆ ಹಚ್ಚಿದ. ತಾನು ಉದ್ಧಾರವಾಗುವ ಪೈಕಿ ಅಲ್ಲ ಎಂದು ಸುಬ್ಬಯ್ಯ ಗೋಳಾಡಿದಾಗ ಮುದುಕನಿಗೆ ರೇಗಿತು.

"ಬೀಳದವನು ಸಜ್ಜನ ಅಂತ ಯಾರು ಹೇಳಿದ್ದು? ನಮ್ಮಲ್ಲಿ ಬಿದ್ದು ಬಿದ್ದೇ ಸಜ್ಜನನಾಗುವುದು. ಆದರೆ ಅಳುವುದಕ್ಕೆ ಬೆಲೆಯಿಲ್ಲ. ಅದೇ ಮನುಷ್ಯ ಎದುರಿಗೆ ನಿಂತು, ಅದೇ ಸಿಟ್ಟು ಬಂದು, ತೋಳಲ್ಲಿ ಅದೇ ಬಲ ಇದ್ದೂ ಕೈ ಏಳಲಿಲ್ಲ ಅನ್ನು, ಆಗ ನೀನು ಸರಿದಾರಿಗೆ ತಿರುಗಿ ಬಂದ ಹಾಗೆ. ಮುದಿಯಾಗಿ ಕೈ ಸೋತ ಮೇಲೆ ಹೊಡೆಯದಿರುವುದು ದೊಡ್ಡಸ್ತಿಕೆಯಲ್ಲ."

ಸುಬ್ಬಯ್ಯ ಆಮೇಲೂ ಬಿದ್ದ. ಫ್ರೀಜರಿನ ಬಾಗಿಲಿಗೆ ಗುದ್ದಿ ಬೆರಳ ಗೆಣ್ಣು ಒಡೆದುಕೊಂಡ. "ಮನುಷ್ಯರನ್ನು ಬಿಟ್ಟು ಬಾಗಿಲಿಗೆ ಬಂದೆಯಲ್ಲ, ಪರವಾಗಿಲ್ಲ" ಎಂದ ಯಾಕೋವ್.

ಪ್ರಖ್ಯಾತನಿಗೆ ಹತ್ತೊಂಬತ್ತು ತುಂಬಿದ ಭಾನುವಾರ ನಳಿನಾಕ್ಷಿ ಗಂಡನನ್ನು ಊಟಕ್ಕೆ ಕರೆದಳು. ಮಗ ತನ್ನನ್ನು ಮತ್ತೆ ಅಪ್ಪ ಎಂದು ಕರೆದಾನೇ ಎಂಬುದೊಂದೇ ಸುಬ್ಬಯ್ಯನ ಆಸೆ. ಆದರೆ ನಾಲಿಗೆ ಕೇಳಬೇಕಲ್ಲ. "ಕಾಲೇಜು ಬಿಟ್ಟಿಯಂತೆ? ಮತ್ತೆಂತ ಮಾಡುದು, ದನ ಕಾಯುದಾ?" ಅಂದುಬಿಟ್ಟ.

ಮಗನ ಮೊದಲ ಗುದ್ದಿಗೆ ತುಟಿ ಒಡೆಯಿತು. ಎರಡನೆಯದಕ್ಕೆ ಕುರ್ಚಿ ಸಮೇತ ಉರುಳಿದ. ಸಾರಿನ ಪಾತ್ರೆ ಮೈಮೇಲೆ ಮಗುಚಿತು. ನಳಿನಾಕ್ಷಿ ಕಿರುಚುತ್ತಿದ್ದಳು. ಸುಬ್ಬಯ್ಯ ಎದ್ದ. ಹಿಟ್ಟಿನ ಮೂಟೆ ಎತ್ತಿ ಪಳಗಿದ ತೋಳು ಬಿಗಿಯಿತು, ಮುಷ್ಟಿ ಕಟ್ಟಿತು. ಒಂದೇ ಏಟಿಗೆ ಹುಡುಗನನ್ನು ಮಲಗಿಸಬಹುದಿತ್ತು. ಕೈ ಕೆಳಗೇ ಇಟ್ಟುಕೊಂಡ. ಮೂರನೆಯ ಗುದ್ದು ಕಣ್ಣಿಗೆ ಬಿತ್ತು.

"ವೈ ಆರಂಟ್ ಯು ಹಿಟಿಂಗ್ ಮಿ?" ಮಗ ಅರಚಿದ. "ಸಿಟ್ಟು ಬರ್ಲಿಲ್ವಾ?"

"ಬಂದಿದೆ. ನಿನ್ನನ್ನು ಕೊಂದು ಹಾಕುವಷ್ಟು ಬಂದಿದೆ. ಕೈ ಎತ್ತುದಿಲ್ಲ, ಅಷ್ಟೆ."

ಹೇಳುವಾಗ ಒಂದು ಕ್ಷಣ ಅವನ ಎದೆ ಉಬ್ಬಿತು. ಗೆದ್ದೆ ಎಂದುಕೊಂಡ. ನಾಳೆ ಯಾಕೋವನಿಗೆ ಹೇಳಬೇಕು ಎಂದುಕೊಂಡ.

ಪ್ರಖ್ಯಾತನ ಧ್ವನಿ ಇಳಿಯಿತು. "ಹಾಗಾದ್ರೆ ನಿಮಗೆ ಹೊಡೀದೆ ಇರ್ಲಿಕ್ಕೆ ಬರ್ತಿತ್ತು. ನಾನು ಸಣ್ಣವ ಇರುವಾಗ್ಲೂ ಬರ್ತಿತ್ತು."

ಅಪ್ಪನ ಪೆಟ್ಟು, ಕೆಲಸದ ಕಷ್ಟ, ಪರದೇಶ, ಎಲ್ಲ ನೆಪಗಳೂ ಸುಬ್ಬಯ್ಯನ ಬಾಯಿಗೆ ಬಂದವು. ರಕ್ತದ ಜೊತೆ ನುಂಗಿಕೊಂಡ.

"ಬರ್ತಿತ್ತು," ಎಂದ.

ಮಗ ಮತ್ತೊಮ್ಮೆ ಗುದ್ದಿದ. ಈ ಸಲ ಸುಬ್ಬಯ್ಯನಿಗೆ ಸಿಟ್ಟೇ ಬರಲಿಲ್ಲ.