ಬ್ರೇಕ್ ಮಾಸ್ತರ ಎರಡನೇ ಮಾತ್ರೆ

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲ ಕೆಳಗೆ ಒಂದು ಬ್ರೇಕು, ಪಕ್ಕದಲ್ಲಿ ಕೂತ ಮಾಸ್ತರ ಕಾಲ ಕೆಳಗೆ ಇನ್ನೊಂದು. ಈ ಇನ್ನೊಂದು ಇರುವುದು ಆಪತ್ತಿಗೆ ಮಾತ್ರ. ನಮ್ಮ ಮಾಸ್ತರು ಹಾಗೆಂದು ಯಾವತ್ತೂ ತಿಳಿದವರಲ್ಲ. ಕಾರು ಹೊರಟಾಗಿನಿಂದ ನಿಲ್ಲುವ ತನಕ ಅವರ ಪಾದ ಅದರ ಮೇಲೆಯೇ. ನಾಯಿ ಅಡ್ಡ ಬಂದರೂ ಒತ್ತುವುದು, ಬರಬಹುದು ಅನ್ನಿಸಿದರೂ ಒತ್ತುವುದು. ಹೀಗಾಗಿ ಅವರ ಕೈಯಲ್ಲಿ ಕಲಿತು ಹೋದವರಿಗೆ ಸ್ಟೀರಿಂಗ್ ಬರುತ್ತಿತ್ತು, ಗೇರ್ ಬರುತ್ತಿತ್ತು, ಬ್ರೇಕ್ ಹಿಡಿಯುವುದೊಂದು ಬರುತ್ತಿರಲಿಲ್ಲ. ಸ್ವಂತ ಕಾರು ಕೊಂಡ ವಾರದೊಳಗೆ ಯಾರದಾದರೂ ಗೇಟಿಗೆ ಗುದ್ದಿ ನಿಲ್ಲುತ್ತಿದ್ದರು. ಸುದ್ದಿ ಕೇಳಿದ ಮಾಸ್ತರು, "ಎಷ್ಟು ಹೇಳಿಕೊಟ್ರೂ ಅಷ್ಟೇ, ತಲೇಲಿ ಮಣ್ಣು ತುಂಬಿದ್ರೆ ನಾನೇನು ಮಾಡ್ಲಿ" ಎಂದು ನಿಟ್ಟುಸಿರು ಬಿಡುತ್ತಿದ್ದರು. ಬ್ರೇಕ್ ಮಾಸ್ತರು ಎಂಬ ಹೆಸರು ಹೇಗೆ ಬಂತು ಎಂದು ಇನ್ನು ಬಿಡಿಸಿ ಹೇಳಬೇಕಿಲ್ಲ. ಅವರು ಮಾತ್ರ ಅದನ್ನು ಬಿರುದು ಎಂದುಕೊಂಡಿದ್ದರು.

ಬೈಯುವುದರಲ್ಲಿ ಅವರಷ್ಟು ಧಾರಾಳಿ ಇನ್ನೊಬ್ಬರಿರಲಿಲ್ಲ. ಕಲಿಯಲು ಬಂದ ಹೆಂಗಸರನ್ನು "ಇದು ಅಡುಗೆಮನೆ ಅಲ್ಲಮ್ಮ" ಎನ್ನುವರು. ಗಂಡಸರನ್ನು "ಮೀಸೆ ಯಾಕೆ ಬಿಟ್ಟಿದ್ದೀಯಪ್ಪ" ಎನ್ನುವರು. ಮನೆಯಲ್ಲಿ ಮಾತ್ರ ಈ ಆಟ ನಡೆಯುತ್ತಿರಲಿಲ್ಲ. ಅವರ ಹೆಂಡತಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವರು. ಕತ್ತರಿ ಯಾವುದು ನಾಲಿಗೆ ಯಾವುದು ಎಂದು ಗೊತ್ತಾಗದ ಹಾಗೆ ಎರಡನ್ನೂ ಬಳಸುತ್ತಿದ್ದರು. ಹೀಗಾಗಿ ಇಡೀ ಲೋಕದಲ್ಲಿ ಮಾಸ್ತರ ಮಾತು ನಡೆಯುವ ಜಾಗ ಎಂದರೆ ಆ ಕಾರಿನ ಪಕ್ಕದ ಸೀಟು ಒಂದೇ.

ಆ ಸೀಟಿಗೇ ಈಗ ಕುತ್ತು ಬಂತು. ಐವತ್ತೈದು ದಾಟಿದ ಮಾಸ್ತರುಗಳೆಲ್ಲ ಆರೋಗ್ಯ ಸರಿಯಿದೆ ಎಂದು ಡಾಕ್ಟರ ಸರ್ಟಿಫಿಕೇಟು ತರಬೇಕು, ತರದಿದ್ದರೆ ಲೈಸೆನ್ಸ್ ಮುಂದುವರಿಯುವುದಿಲ್ಲ ಎಂದು ಸ್ಕೂಲಿನ ಮಾಲೀಕ ಒಂದು ದಿನ ಹೇಳಿದ. ಮಾಸ್ತರು ಬೀದಿ ಕೊನೆಯ ಕ್ಲಿನಿಕ್ಕಿಗೆ ಎದೆಯುಬ್ಬಿಸಿಕೊಂಡು ಹೋದರು. ಅಲ್ಲಿ ಕುರ್ಚಿಯಲ್ಲಿದ್ದ ಡಾಕ್ಟರಮ್ಮ ಬೇರೆ ಯಾರೂ ಅಲ್ಲ, ಕೆಲವು ವರ್ಷದ ಹಿಂದೆ ಅವರ ಹತ್ತಿರವೇ ಕಲಿಯಲು ಬಂದು, ರಿವರ್ಸ್ ಹಾಕಲು ಹೋಗಿ ಕಾರನ್ನು ಚರಂಡಿಗೆ ಇಳಿಸಿದ್ದ ಹುಡುಗಿ.

ರಕ್ತ ಪರೀಕ್ಷೆಯ ಚೀಟಿ ನೋಡಿ ಡಾಕ್ಟರಮ್ಮ ಹೇಳಿದರು, "ಮಾಸ್ತರೇ, ನಿಮಗೆ ಸಕ್ಕರೆ ಕಾಯಿಲೆ ಇದೆ. ಇದು ಇವತ್ತು ಬೆಳಗಿನ ಲೆಕ್ಕ ಅಲ್ಲ, ಮೂರು ತಿಂಗಳ ಸರಾಸರಿ. ಇದು ಇಳಿಯೋ ತನಕ ನಾನು ಸಹಿ ಹಾಕಲ್ಲ."

"ನನಗೆ ಎಲ್ಲೂ ನೋವೇ ಇಲ್ವಲ್ಲಮ್ಮ."

"ಇಲ್ಲದೇ ಇರೋದೇ ತೊಂದರೆ. ಕಣ್ಣಿಗೆ, ಪಾದಕ್ಕೆ ಇಳಿದ ಮೇಲೆ ನೋವು ಬಂದು ಏನು ಪ್ರಯೋಜನ? ಸದ್ಯ ಒಂದೇ ಒಂದು ಮಾತ್ರೆ. ಮಧ್ಯಾಹ್ನ ಊಟದ ಜೊತೆ. ವಾರ ಕಳೆದ ಮೇಲೆ ತಿಂಡಿ ಜೊತೆ ಇನ್ನೊಂದು. ಮೊದಮೊದಲು ಹೊಟ್ಟೆ ಸ್ವಲ್ಪ ಗಲಾಟೆ ಮಾಡುತ್ತೆ, ಆಮೇಲೆ ಒಗ್ಗಿಹೋಗುತ್ತೆ. ಖಾಲಿ ಹೊಟ್ಟೆಗೆ ಮಾತ್ರ ಬೇಡ."

ಚರಂಡಿಗೆ ಕಾರು ಇಳಿಸಿದವಳ ಮಾತನ್ನು ಮಾಸ್ತರು ಕಿವಿಗೆ ಹಾಕಿಕೊಳ್ಳುವುದುಂಟೆ! ವಾರಗಟ್ಟಲೆ ನಿಧಾನಕ್ಕೆ ಏರಿಸುವುದೆಲ್ಲ ಕೈಲಾಗದವರ ಕೆಲಸ ಎಂದುಕೊಂಡು, ಮರುದಿನ ಬೆಳಿಗ್ಗೆ ಬರೀ ಕಾಫಿಯ ಜೊತೆ ಎರಡು ಮಾತ್ರೆ ಒಟ್ಟಿಗೆ ನುಂಗಿ ಪಾಠಕ್ಕೆ ಹೊರಟರು. ಹೊಟ್ಟೆ ತನ್ನ ಮರ್ಯಾದೆ ಕಾಪಾಡಿಕೊಂಡದ್ದು ದೊಡ್ಡ ಸರ್ಕಲ್ಲಿನ ತನಕ. ಅಲ್ಲಿ ಮಾಸ್ತರು ಬಾಗಿಲು ತೆರೆದು, ಕಲಿಯುವವನನ್ನು ನಾಲ್ಕು ದಿಕ್ಕಿನ ಹಾರ್ನುಗಳ ನಡುವೆ ಬಿಟ್ಟು, ಪೆಟ್ರೋಲ್ ಬಂಕಿನ ಹಿಂಭಾಗಕ್ಕೆ ಓಡಿದರು. ಓಡುತ್ತಲೇ "ಕ್ಲಚ್ ಬಿಡಬೇಡವೋ" ಎಂದು ಕೂಗಿದ್ದನ್ನು ಸರ್ಕಲ್ಲಿನಲ್ಲಿದ್ದವರೆಲ್ಲ ಕೇಳಿದರು.

ಅಲ್ಲಿಗೆ ಆ ಮಾತ್ರೆಗೆ ಶನಿಕಾಟ ಎಂದು ಹೆಸರಾಯಿತು. ಡಾಕ್ಟರಮ್ಮನನ್ನು ಹೋಗಿ ಕೇಳಿದ್ದರೆ ಅವರು ಅರ್ಧಕ್ಕೆ ಇಳಿಸುತ್ತಿದ್ದರು, ಇಲ್ಲವೇ ಹೊಟ್ಟೆಗೆ ಹಗುರವಾದ ಬೇರೆ ಬಗೆಯದನ್ನು ಕೊಡುತ್ತಿದ್ದರು. ಕೇಳಿದರೆ ತಾವು ಸಣ್ಣವರಾಗಿಬಿಡುತ್ತೇವೆ ಎಂಬ ಭಯ. ಅದರ ಬದಲು ಬೆರಳು ಚುಚ್ಚಿ ನೋಡುವ ಮೀಟರು ತಂದು, ತಮ್ಮದೇ ಒಂದು ಶಾಸ್ತ್ರ ಕಟ್ಟಿದರು. ಮೀಟರು ಎಂದರೆ ಕಾರಿನ ಸ್ಪೀಡು ತೋರಿಸುವ ಮುಳ್ಳು, ಮಾತ್ರೆ ಎಂದರೆ ಬ್ರೇಕು. ಮುಳ್ಳು ಮೇಲೆ ಹೋದ ದಿನ ಒತ್ತುವುದು, ಹೋಗದ ದಿನ ಸುಮ್ಮನಿರುವುದು. ಕಾರಿನ ಬ್ರೇಕನ್ನು ಬೇಕಿಲ್ಲದಾಗಲೂ ಒತ್ತುವ ಮಹಾಶಯರು, ದಿನವೂ ಬೇಕಾದ ಮಾತ್ರೆಗೆ ಮಾತ್ರ ಹೀಗೆ ಜಿಪುಣರಾದರು.

ಹೆಂಡತಿ ವಾರಕ್ಕೊಮ್ಮೆ ಬಾಗಿಲಲ್ಲಿ ಮಾತ್ರೆ ಹಾಳೆ ಕೈಗಿಟ್ಟು ಕೇಳುತ್ತಿದ್ದರು, "ರೀ, ತಗೋತಿದ್ದೀರಾ ಹೇಗೆ? ಮುಖ ನೋಡಿದ್ರೆ ನಂಬಿಕೆ ಬರಲ್ಲ."

"ತಗೋತೀನಿ ಮಾರಾಯ್ತಿ, ಮಧ್ಯಾಹ್ನ ಊಟದ ಹೊತ್ತಿಗೆ."

ಅವು ಹೋಗಿ ಸೇರುತ್ತಿದ್ದದ್ದು ಕಾರಿನ ಡ್ಯಾಶ್‌ಬೋರ್ಡಿನ ಗೂಡಿಗೆ, ಒರೆಸುವ ಬಟ್ಟೆಯ ಹಿಂದಕ್ಕೆ.

ಮೂರು ತಿಂಗಳಾದ ಮೇಲೆ ಸರಾಸರಿ ಇಳಿಯುವುದಿರಲಿ, ಒಂದು ಕೂದಲೆಳೆ ಮೇಲಕ್ಕೇ ಹೋಗಿತ್ತು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು.

"ಮಾತ್ರೆ ಸರಿಯಾಗಿ ತಗೊಂಡ್ರಾ ಮಾಸ್ತರೇ? ತಪ್ಪಿದ್ರೆ ತಪ್ಪಿದೆ ಅಂತ ಹೇಳಿ, ಅದರ ಮೇಲೆ ನಾನು ಮುಂದಿಂದು ಯೋಚನೆ ಮಾಡಬೇಕು."

"ಒಂದು ದಿನಾನೂ ತಪ್ಪಿಸಿಲ್ಲಮ್ಮ. ನಿನ್ನ ಮಾತ್ರೇಲೇ ದಮ್ಮಿಲ್ಲ."

ನೋಡಿ, ಎಂಥ ಸಲೀಸಾದ ಸುಳ್ಳು! ನಂಬಿದ ಡಾಕ್ಟರಮ್ಮ ಲೆಕ್ಕ ಹಾಕಿದರು: ಮೊದಲ ಮಾತ್ರೆ ತಿಂದೂ ಇಳಿದಿಲ್ಲ ಎಂದಮೇಲೆ ಅದೊಂದೇ ಸಾಲದು. ಇನ್ನೊಂದು ಸಣ್ಣ ಮಾತ್ರೆ ಸೇರಿಸಿ ಬರೆದರು. "ಇದು ಜೋರಾಗಿ ಇಳಿಸೋ ಮಾತ್ರೆ. ಬೆಳಿಗ್ಗೆ ತಿಂಡಿಗೆ ಕೂರೋ ಮುಂಚೆ ಒಂದೇ. ತಿಂಡಿ ಇಲ್ಲ ಅಂದ್ರೆ ಮಾತ್ರೇನೂ ಇಲ್ಲ. ಬೆವರು, ನಡುಕ ಬಂದ್ರೆ ತಕ್ಷಣ ಸಿಹಿ ಏನಾದ್ರೂ ಬಾಯಿಗೆ ಹಾಕಿ" ಎಂದು ಎರಡೆರಡು ಸಲ ಹೇಳಿದರು. ಮಾಸ್ತರು ಕೇಳಿಸಿಕೊಂಡದ್ದು ಜೋರಾಗಿ ಎಂಬ ಒಂದೇ ಪದ.

ಸಣ್ಣ ಮಾತ್ರೆ ಅವರಿಗೆ ಬಹಳ ಹಿಡಿಸಿತು. ತಿಂದ ದಿನ ಮೀಟರಿನ ಅಂಕಿ ಕಣ್ಣೆದುರೇ ಇಳಿಯುತ್ತಿತ್ತು. "ಬ್ರೇಕ್ ಅಂದ್ರೆ ಇದು ಕಣೇ" ಎಂದು ಹೆಂಡತಿಗೆ ತೋರಿಸಿದರು. "ನಿಮ್ಮ ಬಾಯಿಗೂ ಒಂದು ಹಾಕಿಸ್ಕೊಂಡು ಬನ್ನಿ" ಎಂದರು ಆಕೆ.

ಇಷ್ಟರಲ್ಲಿ ಮಾಲೀಕ ಗಡುವು ಕೊಟ್ಟ. ಈ ಸಲ ಸರ್ಟಿಫಿಕೇಟು ಬರಲಿಲ್ಲವೆಂದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದ. ಮಾಸ್ತರಿಗೆ ನಿಜಕ್ಕೂ ಎದೆ ಹಾರಿತು. ಸೀಟು ಹೋದರೆ ತಾವು ಯಾರು? ಹಗಲೆಲ್ಲ ಮನೆಯ ಬಾಗಿಲಲ್ಲಿ ಕೂತು, ಹೋಗಿ ಬರುವ ಗಾಡಿಗಳಿಗೆ ಬೈಯುವ ಒಬ್ಬ ಬೋಳುತಲೆಯ ಮುದುಕ, ಅಷ್ಟೇ. ಈ ಹೆದರಿಕೆಯನ್ನು ಯಾರ ಹತ್ತಿರವೂ ಹೇಳಿಕೊಳ್ಳದೆ, ಪರೀಕ್ಷೆಯ ದಿನ ಬೆಳಿಗ್ಗೆ ಮಾಡಬಾರದ್ದನ್ನು ಮಾಡಿದರು. ತಿಂಡಿ ತಿಂದರೆ ಅಂಕಿ ಏರುತ್ತದೆ ಎಂದು ತಿಂಡಿ ಬಿಟ್ಟರು. ಚೆನ್ನಾಗಿ ಇಳಿಯಲಿ ಎಂದು ಸಣ್ಣ ಮಾತ್ರೆ ಒಂದರ ಬದಲು ಮೂರು ನುಂಗಿದರು. ಕ್ಲಿನಿಕ್ಕು ತೆರೆಯಲು ಇನ್ನೂ ಹೊತ್ತಿದೆ, ಒಂದು ಪಾಠ ಮುಗಿಸಿಯೇ ಹೋಗೋಣ ಎಂದು ಕಾರು ಹತ್ತಿದರು.

ಆವತ್ತಿನ ಪಾಠ ಲೈಬ್ರರಿ ಅಮ್ಮನದು. ವಾಚನಾಲಯದಲ್ಲಿ ಪುಸ್ತಕ ಕೊಡುವ ಕೆಲಸ. ಸದ್ದು ಮಾಡಿ ಅಭ್ಯಾಸವಿಲ್ಲದ ಹೆಂಗಸು, ಹಾರ್ನ್ ಒತ್ತುವ ಮುಂಚೆಯೂ ಕ್ಷಮೆ ಕೇಳುವ ಹಾಗೆ ಸುತ್ತ ನೋಡುವವರು. ಮಾಸ್ತರಿಗೆ ಬೈಯಲು ಇವರಿಗಿಂತ ಒಳ್ಳೆ ಪ್ರಾಣಿ ಸಿಕ್ಕಿರಲಿಲ್ಲ.

"ಏನಮ್ಮ, ಇದೇನು ಮೆರವಣಿಗೇನಾ? ಸೆಕೆಂಡಿಗೆ ಹಾಕು" ಎಂದು ಶುರುಮಾಡಿದವರು, ಮಾರುಕಟ್ಟೆ ದಾಟುವ ಹೊತ್ತಿಗೆ ಬೆವರತೊಡಗಿದರು. ಕಾಲರು ಒದ್ದೆಯಾಯಿತು. ಕೈ ನಡುಗಿತು. ಎಡಕ್ಕೆ ಎನ್ನಲು ಹೋಗಿ ಬಲಕ್ಕೆ ಎಂದರು, ಬಲಕ್ಕೆ ತಿರುಗಿದ್ದಕ್ಕೆ ಕೆಟ್ಟದಾಗಿ ಬೈದರು. ಆಮೇಲೆ ಬೈಗುಳವೂ ನಿಂತಿತು. ಲೈಬ್ರರಿ ಅಮ್ಮನಿಗೆ ಭಯವಾದದ್ದು ಆಗಲೇ.

ಮುಂದೆ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಿದು ಶಾಲೆಗೆಂದು ರಸ್ತೆ ದಾಟುತ್ತಿದ್ದರು. ಮಾಸ್ತರು ಅವರನ್ನು ನೋಡುತ್ತಿದ್ದರು. ಒತ್ತಬೇಕು ಎಂದು ತಿಳಿಯುತ್ತಿತ್ತು. ಕಾಲು ಮಾತ್ರ ಬೇರೆ ಯಾರದೋ ಎಂಬಂತೆ ಕೆಳಗೆ ಬಿದ್ದುಕೊಂಡಿತ್ತು. ಲೈಬ್ರರಿ ಅಮ್ಮ ಒಂದು ಕ್ಷಣ ಎಂದಿನಂತೆ ಮಾಸ್ತರ ಬ್ರೇಕಿಗಾಗಿ ಕಾದರು. ಅದು ಬರಲಿಲ್ಲ. ಜೀವನದಲ್ಲಿ ಮೊದಲ ಸಲ ತಾವೇ ಬ್ರೇಕನ್ನು ಎರಡೂ ಕಾಲಿನಿಂದ ಮೆಟ್ಟಿದರು. ಕಾರು ಕಿರುಚಿ ನಿಂತಾಗ ಅಜ್ಜಿಯ ಸೆರಗು ಬಾನೆಟ್ಟಿಗೆ ತಾಗುತ್ತಿತ್ತು. ಮಗು ಜೋರಾಗಿ ಅಳತೊಡಗಿತು.

ಲೈಬ್ರರಿ ಅಮ್ಮ ಮಾಸ್ತರ ಮುಖ ನೋಡಿದರು. ಅವರ ತಾಯಿಗೂ ಇದೇ ಕಾಯಿಲೆ ಇದ್ದದ್ದರಿಂದ ಹೆಚ್ಚು ಯೋಚಿಸಬೇಕಾಗಲಿಲ್ಲ. ಸಿಹಿ ಏನಾದರೂ ಇದೆಯೇ ಎಂದು ಡ್ಯಾಶ್‌ಬೋರ್ಡಿನ ಗೂಡು ಎಳೆದರು. ಸಿಹಿಯ ಬದಲು ಒಡೆಯದ ಮಾತ್ರೆ ಹಾಳೆಗಳು ಕಟ್ಟುಕಟ್ಟಾಗಿ ಮಾಸ್ತರ ಮಡಿಲಿಗೆ ಉದುರಿದವು. ತಮ್ಮ ಚೀಲದಲ್ಲಿದ್ದ ಹಣ್ಣಿನ ರಸದ ಡಬ್ಬಿಯನ್ನು ತೆಗೆದು, "ಕುಡೀರಿ. ಮಾತಾಡ್ಬೇಡಿ, ಕುಡೀರಿ" ಎಂದರು. ಮಾಸ್ತರು ಕುಡಿದರು. ಕ್ಲಿನಿಕ್ಕಿನ ತನಕ ಇಡೀ ದಾರಿಯನ್ನು ಲೈಬ್ರರಿ ಅಮ್ಮ ಫಸ್ಟ್ ಗೇರಿನಲ್ಲೇ ಓಡಿಸಿದರು. ಹಿಂದಿದ್ದವರು ಹಾರ್ನ್ ಹೊಡೆದು ಹೊಡೆದು ಸುಸ್ತಾದರು.

ಡಾಕ್ಟರಮ್ಮ ಬೆರಳು ಚುಚ್ಚಿ ನೋಡಿದರು, ಬ್ರೆಡ್ಡು ತಿನ್ನಿಸಿದರು, ಹೊತ್ತು ಬಿಟ್ಟು ಮತ್ತೆ ನೋಡಿದರು. ಆ ಮಾತ್ರೆಯ ಪ್ರಭಾವ ಇಷ್ಟಕ್ಕೇ ಮುಗಿಯುವುದಿಲ್ಲ ಎಂದು ಸಂಜೆ ತನಕ ದೊಡ್ಡ ಆಸ್ಪತ್ರೆಯಲ್ಲಿ ಮಲಗಿಸಿ ನೋಡುವ ಏರ್ಪಾಡು ಮಾಡಿದರು. ಆಮೇಲೆ, ಲೈಬ್ರರಿ ಅಮ್ಮ ಮೇಜಿನ ಮೇಲೆ ಪುಸ್ತಕದ ಹಾಗೆ ಸಾಲಾಗಿ ಜೋಡಿಸಿಟ್ಟಿದ್ದ ಮಾತ್ರೆ ಹಾಳೆಗಳತ್ತ ತಿರುಗಿದರು.

"ಇವನ್ನ ನೀವು ತಿಂದಿದ್ದೀರಿ ಅಂತ ನಂಬಿ ನಾನು ಆ ಸಣ್ಣದನ್ನ ಕೊಟ್ಟೆ ಮಾಸ್ತರೇ. ಇವೇ ಸಾಕಾಗ್ತಿತ್ತೋ ಏನೋ. ನನಗೆ ಗೊತ್ತಾಗೋ ದಾರೀನೇ ನೀವು ಬಿಡಲಿಲ್ಲ."

ಮಾಸ್ತರು ಗೋಡೆ ನೋಡುತ್ತ ಹೇಳಿದರು, "ತಪ್ಪಾಯ್ತಮ್ಮ. ಬೈದುಬಿಡು, ಆಮೇಲೆ ಸಹಿ ಹಾಕು. ಆ ಸೀಟು ಬಿಟ್ರೆ ನನಗೆ ಬೇರೆ ಏನೂ ಇಲ್ಲ."

"ಬೈಯಲ್ಲ. ನೀವು ನನಗೆ ಬೈದು ಹೇಳಿಕೊಟ್ಟದ್ದು ಒಂದೂ ನನ್ನ ತಲೇಲಿ ನಿಂತಿಲ್ಲ, ಬೈಗುಳ ಮಾತ್ರ ನಿಂತಿದೆ. ಸಹೀನೂ ಹಾಕಲ್ಲ. ಇವತ್ತು ಒಂದು ಮಗು ಸಾಯ್ತಿತ್ತು."

ಸಣ್ಣ ಮಾತ್ರೆ ನಿಂತಿತು. ಮೊದಲನೆಯದೇ ಮತ್ತೆ ಬಂತು, ಈ ಸಲ ನಿಧಾನಕ್ಕೆ ಕರಗುವ ಬಗೆಯದು, ಕಡಿಮೆ ಪ್ರಮಾಣದ್ದು, ರಾತ್ರಿ ಊಟದ ನಡುವೆ. ಹೆಂಡತಿ ಎದುರಿಗೆ ಕೂತು, ನುಂಗಿದ ಮೇಲೆ "ಬಾಯಿ ತೆಗೀರಿ" ಎನ್ನುವರು. "ಮಗು ಅಂದ್ಕೊಂಡಿದ್ದೀಯಾ" ಎಂದರೆ "ಮಕ್ಕಳು ಇಷ್ಟು ಸುಳ್ಳು ಹೇಳಲ್ಲ" ಎನ್ನುವರು. ಹೊಟ್ಟೆ ಒಂದಷ್ಟು ದಿನ ಗೊಣಗಿ ಸುಮ್ಮನಾಯಿತು. ಡಾಕ್ಟರಮ್ಮ ಒಂದೊಂದೇ ಮೆಟ್ಟಿಲಾಗಿ ಪ್ರಮಾಣ ಏರಿಸಿದರು. ಸಂಜೆ ನಡೆಯುತ್ತಾ ಹೋಗುವಾಗ ಮಾಸ್ತರು ಯಾವ ಗಾಡಿಗೂ ಬೈಯುತ್ತಿರಲಿಲ್ಲ. ಬೈದರೆ ಕೇಳುವವರು ಯಾರು?

ಮೂರು ತಿಂಗಳಿಗೆ ಸರಾಸರಿ ಇಳಿಯಿತು, ಆ ಒಂದೇ ಮಾತ್ರೆಯಿಂದ. ಡಾಕ್ಟರಮ್ಮ ಚೀಟಿಯನ್ನು ಎರಡು ಸಲ ನೋಡಿ ಸಹಿ ಹಾಕಿದರು.

ಮಾಸ್ತರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಸ್ಕೂಲಿಗೆ ಹೋದರು. ಅವರ ಜಾಗಕ್ಕೆ ಬಂದಿದ್ದ ಹೊಸ ಟೀಚರು ಪಾಠಕ್ಕೆ ಹೋಗಿದ್ದಳು. ಹೊರಗಿನ ಬೆಂಚಿನಲ್ಲಿ ಕಲಿಯಲು ಬಂದ ಹುಡುಗಿಯೊಬ್ಬಳು ಕೂತಿದ್ದಳು. ಇನ್ನೊಂದು ಕಾರು ಖಾಲಿ ನಿಂತಿತ್ತು.

ಮಾಲೀಕ ಸರ್ಟಿಫಿಕೇಟನ್ನು ಓದಿ ಪಕ್ಕಕ್ಕಿಟ್ಟ. "ಕಾಗದ ಸರಿಯಾಗೇ ಇದೆ ಮಾಸ್ತರೇ. ಆದ್ರೆ ಈ ಮೂರು ತಿಂಗಳಲ್ಲಿ ನಿಮ್ಮನ್ನ ಕೇಳ್ಕೊಂಡು ಒಬ್ರೂ ಬಂದಿಲ್ಲ. ನನ್ನದೇನೂ ಅಡ್ಡಿ ಇಲ್ಲ. ಬೇಕಾದ್ರೆ ಈ ಹುಡುಗೀನೇ ಕೇಳಿ, ಬರ್ತಾಳಾ ಅಂತ."

ಮಾಸ್ತರು ಯಾರನ್ನೂ ಹಾಗೆ ಕೇಳಿದವರಲ್ಲ. ಆದಷ್ಟು ಮೆತ್ತಗೆ ಕೇಳಿದರು, "ಬರ್ತೀಯೇನಮ್ಮ? ಆ ಕಾರು ಖಾಲಿ ಇದೆ. ಈಗಲೇ ಹೋಗ್ಬಹುದು."

ಹುಡುಗಿ ಅವರನ್ನು ನೋಡಿದಳು. ಗುರುತು ಹಿಡಿದಳು. ಚಪ್ಪಲಿ ನೋಡಿಕೊಳ್ಳುತ್ತಾ, "ಪರವಾಗಿಲ್ಲ ಸರ್, ಅವರು ಬರೋ ತನಕ ಕಾಯ್ತೀನಿ" ಎಂದಳು.